ಉಕ್ಕಿ ಹೊಳೆಯಾಗುವ ಕುಳಿ

ಫ್ರಾನ್ಸ್ ದೇಶದ ಪೂರ್ವಭಾಗದಲ್ಲಿ, ವೆಸೂಲ್ ಪಟ್ಟಣದ ಸಮೀಪ, ‘ಫ್ರೇ ಪ್ಯುಯಿ’ ಎಂಬ ದೊಡ್ಡ ಕುಳಿಯೊಂದಿದೆ. ‘ತಣ್ಣನೆಯ ಬಾವಿ’ ಎಂದು ಇದರ ಅರ್ಥ. ವರ್ಷದ ಬಹುಕಾಲ ಇದರಿಂದ ನೀರು ಹೊರಬರುವುದಿಲ್ಲ. ಆದರೆ ಬಿಡದೆ ಜೋರು ಮಳೆಯಾದಾಗ ಕುಳಿಯು ತಳದಿಂದಲೇ ತುಂಬಿ, ಉಕ್ಕಿ, ತಾತ್ಕಾಲಿಕ ಹೊಳೆಯಾಗಿ ಹರಿಯುತ್ತದೆ. 1557ರಲ್ಲಿ ವೆಸೂಲಿಗೆ ಮುತ್ತಿಗೆ ಹಾಕಿದ್ದ ಸೈನ್ಯವು ಈ ನೆರೆಯಿಂದಾಗಿ ಕಾಲ್ತೆಗೆಯಿತೆಂದು ಅಲ್ಲಿನ ಪ್ರತೀತಿ.

ಇದಕ್ಕೆ ಕಾರಣವೇನು? ಅಲ್ಲಿಯದು ಸುಣ್ಣಕಲ್ಲಿನ ನೆಲ. ಮಳೆನೀರು ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲಗುಣ ಪಡೆಯುತ್ತದೆ. ಈ ನೀರು ಸಾವಿರಾರು ವರ್ಷಗಳಲ್ಲಿ ಕಲ್ಲನ್ನು ಕರಗಿಸಿ, ಬಿರುಕುಗಳನ್ನು ಸುರಂಗಗಳನ್ನಾಗಿ ಅಗಲಿಸುತ್ತದೆ. ಸಾಮಾನ್ಯ ದಿನಗಳಲ್ಲಿ ಸುರಂಗದ ನೀರು ತಗ್ಗಿನಲ್ಲಿರುವ ಶಾಂದಾಮ್ವಾ ಚಿಲುಮೆಯಲ್ಲಿ ಹೊರಬರುತ್ತದೆ. ಮಳೆ ಹೆಚ್ಚಿದಾಗ ಆ ದಾರಿ ಸಾಲದು. ಆಗ ಕೆರೆ ಕೋಡಿ ಬಿದ್ದಂತೆ ಹೆಚ್ಚಿನ ನೀರು ಕುಳಿಯ ಮೂಲಕ ಹೊರಬೀಳುತ್ತದೆ.

ರೈತರು ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಸುರಂಗದಲ್ಲಿ ಹರಿಯುವ ನೀರು ಮಣ್ಣಿನ ಮೂಲಕ ಸೋಸಿ ಬರುವುದಿಲ್ಲ. ಹೊಲದಿಂದ ತೊಳೆದುಹೋದ ರಸಗೊಬ್ಬರ, ಕುಳಿಗೆ ಎಸೆದ ಸತ್ತ ದನ, ಕ್ರಿಮಿನಾಶಕದ ಡಬ್ಬಿ ತೊಳೆದ ನೀರು, ಇವೆಲ್ಲದರ ಕಲ್ಮಷ ಬೇಗನೆ ದೂರದ ಚಿಲುಮೆ, ಬಾವಿಗಳನ್ನು ಸೇರಬಹುದು.

ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್, ಸೇಡಂ ಭಾಗಗಳಲ್ಲಿಯೂ ಸುಣ್ಣಕಲ್ಲಿನ ನೆಲವಿದೆ. ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಇದೇ ಜಾತಿಯದು. ಇಂಥ ನೆಲದಲ್ಲಿ ಮಳೆನೀರು ಒಮ್ಮೆಲೇ ಒಳಗಿಳಿಯುವ ಬಿರುಕು, ಕುಳಿಗಳು ಕಂಡುಬಂದಲ್ಲಿ:

1. ಅದರೊಳಗೆ ಕಸ, ಸತ್ತ ಪ್ರಾಣಿಗಳನ್ನು ಹಾಕಬಾರದು.

2. ಸುತ್ತಲೂ ಹುಲ್ಲಿನ ಪಟ್ಟಿ ಬಿಟ್ಟು, ಅಲ್ಲಿ ಗೊಬ್ಬರ, ಔಷಧಿ ಬಳಸಬಾರದು.

3. ಸಿಂಪರಣಾ ಯಂತ್ರಗಳನ್ನು ಅದರ ಬಳಿ ತೊಳೆಯಬಾರದು.

4. ಹತ್ತಿರದ ಬಾವಿಯ ನೀರನ್ನು ಮಳೆಗಾಲದಲ್ಲಿ ಕುದಿಸಿ ಆರಿಸಿ ಕುಡಿಯಬೇಕು.