ಕೆಂಪು ಕಲ್ಲಿನ ಒಡಲಿನಿಂದ: ಬೀದರ ಸೀಮೆಯ ತೀರ್ಥಗಳು

ಕರ್ನಾಟಕದ ಭೂಪಟವನ್ನು ಗೋಡೆಗೆ ತೂಗುಹಾಕಿದರೆ ಅದರ ನೆತ್ತಿಯ ಮೇಲೆ ಬರುವ ಜಿಲ್ಲೆ ಬೀದರ. ೧೯೫೬ನೆಯ ನವೆಂಬರ್ ೧ರವರೆಗೆ ಇದು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಅಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಹಳೆಯ ಜಿಲ್ಲೆಯು ಮೂರು ಪಾಲಾಯಿತು. ಉದಗೀರ, ನಿಲಂಗಾ ಮೊದಲಾದುವು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರಪ್ರದೇಶಕ್ಕೂ ಹೋದುವು. ಬೀದರ, ಭಾಲ್ಕಿ, ಹುಮನಾಬಾದ್, ಔರಾದಗಳು ಅಂದಿನ ಮೈಸೂರು ರಾಜ್ಯಕ್ಕೆ ಬಂದುವು. ಆದುದರಿಂದಲೇ ಇಲ್ಲಿಯ ಸಂತೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ.

ಈ ಗಡಿಗಳನ್ನು ಮನುಷ್ಯರು ಎಳೆದರು. ಅದಕ್ಕಿಂತ ಬಹು ಹಳೆಯದಾದ ಮತ್ತೊಂದು ಗಡಿ ಇದೇ ಸೀಮೆಯಲ್ಲಿದೆ. ಉತ್ತರದ ಔರಾದದಿಂದ ಬೀದರಿಗೆ ಹೊರಟ ಪ್ರಯಾಣಿಕನು ಮೊದಲು ಎರೆಯ ಹೊಲಗಳ ನಡುವೆ ಸಾಗುತ್ತಾನೆ. ಎತ್ತ ನೋಡಿದರೂ ಕರಿಯ ನೆಲ. ತೊಗರಿ, ಜೋಳ, ಕಡಲೆಗಳ ಬೆಳೆ. ಮಾಂಜರಾ ನದಿಯನ್ನು ದಾಟಿದ ಮೇಲೆ ದಾರಿ ಮೆಲ್ಲನೆ ಏರತೊಡಗುತ್ತದೆ. ಸುಮಾರು ನೂರು ಮೀಟರಿನಷ್ಟು ಏರಿದ ಬಳಿಕ ನೆಲದ ಬಣ್ಣ ಇದ್ದಕ್ಕಿದ್ದಂತೆ ಕೆಂಪಾಗುತ್ತದೆ, ಮತ್ತು ಮೇಲೆ ವಿಶಾಲವಾದ ಸಮತಟ್ಟು ಬಯಲು ತೆರೆದುಕೊಳ್ಳುತ್ತದೆ. ವಾಯವ್ಯದ ಭಾಲ್ಕಿಯಿಂದ ಬರುವವರಿಗೂ ಅನುಭವ ಇದೇ. ಈ ಕೆಂಪು ಬಯಲಿನ ಅಂಚಿನಲ್ಲಿ ಬೀದರಿನ ಕೋಟೆ ನಿಂತಿದೆ.

ಆ ಅಂಚನ್ನೇ ಹಿಡಿದು ನಡೆದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ನೀರಿನೊಳಗೆ ನಡೆದು ದೇವರನ್ನು ಕಾಣಬೇಕಾದ ಝರಣಿ ನರಸಿಂಹ ಕ್ಷೇತ್ರ, ಸಿಖ್ಖರ ಗುರುದ್ವಾರವಾದ ನಾನಕ ಝೀರಾ, ಶ್ರೀರಾಮನು ಲಂಕೆಯಿಂದ ಹಿಂದಿರುಗುವಾಗ ಸ್ಥಾಪಿಸಿದನೆಂದು ಜನರು ಹೇಳುವ ಪಾಪನಾಶ ಲಿಂಗ, ಹಾಗೂ ಶುಕ್ಲತೀರ್ಥ: ಇವೆಲ್ಲವೂ ಒಂದಲ್ಲ ಒಂದು ನೀರಿನ ಊಟೆಯನ್ನು ನೆಮ್ಮಿಕೊಂಡಿವೆ, ಮತ್ತು ಎಲ್ಲವೂ ಕೆಂಪು ಬಯಲು ತಗ್ಗಿಗೆ ಇಳಿಯುವ ಕಡೆಯಲ್ಲಿಯೇ ಇವೆ. ಬೇರೆ ಬೇರೆ ಮತಗಳವರು ಬೇರೆ ಬೇರೆ ಕಾಲದಲ್ಲಿ ಪವಿತ್ರವೆಂದು ಆರಿಸಿಕೊಂಡ ಸ್ಥಳಗಳು ಹೀಗೆ ಒಂದೇ ಬಗೆಯ ನೆಲದಲ್ಲಿ ಕೂಡಿಬಂದುದೇಕೆ? ಉತ್ತರವನ್ನು ಕಲ್ಲಿನಲ್ಲಿ ಹುಡುಕಬೇಕು.

ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖನ್ನಿನ ನೆಲವು ಬಿರುಕುಬಿಟ್ಟು, ಒಳಗಿನ ಕರಗಿದ ಶಿಲಾರಸವು ಪ್ರವಾಹವಾಗಿ ಮೇಲೆ ಹರಿಯಿತು. ಒಂದು ಪದರ ಆರಿ ಗಟ್ಟಿಯಾದ ಮೇಲೆ ಅದರ ಮೇಲೊಂದು, ಮತ್ತೆ ಅದರ ಮೇಲೊಂದು, ಹೀಗೆ ಲಾವಾ ಹಾಸುಗಳು ಒಟ್ಟಿಕೊಂಡುವು. ಇಂದಿನ ಮಹಾರಾಷ್ಟ್ರದ ಬಹುಭಾಗವೂ ನಮ್ಮ ಉತ್ತರದ ಜಿಲ್ಲೆಗಳೂ ಈ ಹಾಸಿನ ಮೇಲೆಯೇ ಕುಳಿತಿವೆ. ಈ ಶಿಲೆಯ ಹೆಸರು ಬೆಸಾಲ್ಟ್. ಅದು ಸವೆದು ಬಂದ ಮಣ್ಣೇ ಎರೆಮಣ್ಣು.

ಹಾಗಾದರೆ ಕೆಂಪು ಎಲ್ಲಿಂದ ಬಂತು? ಅದೂ ಬೆಸಾಲ್ಟಿನ ಮಗುವೇ. ಸಾಕಿದ ಹವೆ ಮಾತ್ರ ಬೇರೆ. ಲಾವಾ ಪ್ರವಾಹಗಳು ನಿಂತ ಮೇಲೆ ಇಲ್ಲಿ ದೀರ್ಘಕಾಲ ಶಾಖವೂ ಮಳೆಯೂ ಹೆಚ್ಚಾಗಿದ್ದ ಹವೆಯಿತ್ತು. ಸಮತಟ್ಟಾದ ನೆಲದ ಮೇಲೆ ಬಿದ್ದ ಮಳೆ ಬೇಗ ಹರಿದುಹೋಗದೆ ಶಿಲೆಯೊಳಗೆ ಇಳಿಯಿತು. ಬೆಸಾಲ್ಟಿನಲ್ಲಿರುವ ಸುಣ್ಣ, ಮೆಗ್ನೀಸಿಯಂ, ಸೋಡಿಯಂ ಮೊದಲಾದುವುಗಳು ನೀರಿನಲ್ಲಿ ಕರಗಿ ಕೊಚ್ಚಿಹೋದುವು; ತಡವಾಗಿ ಸಿಲಿಕಾದ ಬಹುಪಾಲೂ ಹೋಯಿತು. ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಮಾತ್ರ ಉಳಿದುವು. ಕಬ್ಬಿಣದ ತುಕ್ಕಿನ ಬಣ್ಣವೇ ಈ ಕಲ್ಲಿನ ಬಣ್ಣ. ಇದನ್ನು ನಾವು ಜಂಬಿಟ್ಟಿಗೆ ಎನ್ನುತ್ತೇವೆ. ಕರಾವಳಿಯವರು ಮುರಕಲ್ಲು ಎನ್ನುತ್ತಾರೆ. ಶಾಸ್ತ್ರಗ್ರಂಥಗಳಲ್ಲಿ ಇದರ ಹೆಸರು ಲ್ಯಾಟರೈಟ್. ೧೮೦೦-೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು, ಮಲಬಾರಿನ ಅಂಗಾಡಿಪುರದಲ್ಲಿ ಜನರು ಈ ಕಲ್ಲನ್ನು ಇಟ್ಟಿಗೆಯಂತೆ ಕತ್ತರಿಸುವುದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಆ ಹೆಸರನ್ನು ರೂಪಿಸಿ ೧೮೦೭ರ ತನ್ನ ಗ್ರಂಥದಲ್ಲಿ ಬಳಸಿದನು. ನಮ್ಮ ‘ಜಂಬಿಟ್ಟಿಗೆ’ಯಲ್ಲಿಯೂ ಇಟ್ಟಿಗೆ ಇದ್ದೇ ಇದೆಯಷ್ಟೆ! ನೆಲದೊಳಗೆ ತೇವವಾಗಿರುವಾಗ ಇದನ್ನು ಕೊಡಲಿಯಂಥ ಹತಾರಿನಿಂದಲೇ ಕಡಿಯಬಹುದು. ಗಾಳಿಬಿಸಿಲಿಗೆ ಬಿದ್ದ ಮೇಲೆ ಗಡುಸಾಗುತ್ತದೆ. ಬೀದರ ಕೋಟೆಯ ಒಂದು ಭಾಗದಲ್ಲಿ ಒಂದರ ಹಿಂದೊಂದರಂತೆ ಮೂರು ಕಂದಕಗಳನ್ನು ಕಲ್ಲಿನಲ್ಲಿಯೇ ತೋಡಿ, ನಡುವೆ ಎರಡು ಕಲ್ಲುಗೋಡೆಗಳನ್ನು ಹಾಗೆಯೇ ಉಳಿಸಿದ್ದಾರೆ. ಗಟ್ಟಿ ಬೆಸಾಲ್ಟಿನಲ್ಲಿ ಇಂಥ ಸಾಹಸ ಸುಲಭವಲ್ಲ.

ಬೀದರಿನ ಜಂಬಿಟ್ಟಿಗೆಯ ಪದರವು ಕೆಲವೆಡೆ ಐವತ್ತು ಮೀಟರಿನಷ್ಟು ದಪ್ಪವಾಗಿದ್ದು, ಮೇಲಿನಿಂದ ಕೆಳಗಿನವರೆಗೆ ಶಿಲೆಯ ಮಾರ್ಪಾಟನ್ನು ಹಂತಹಂತವಾಗಿ ತೋರಿಸುವುದರಿಂದ ಭೂವಿಜ್ಞಾನಿಗಳಿಗೆ ಅಚ್ಚುಮೆಚ್ಚು. ೨೦೦೪ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇಲ್ಲಿಯ ಲಿಥಿಯಂ ಪರಮಾಣುಗಳ ಲೆಕ್ಕವನ್ನು ಹಿಡಿದು, ಮೇಲ್ಪದರಗಳಿಗೆ ಗಾಳಿಯಲ್ಲಿ ತೂರಿಬಂದ ಪರಸ್ಥಳದ ಧೂಳೂ ಸೇರಿದೆಯೆಂದು ತೋರಿಸಿತು.

ಈಗ ನೀರಿನ ಮಾತು. ಜಂಬಿಟ್ಟಿಗೆಯ ತುಂಡೊಂದನ್ನು ಕೈಯಲ್ಲಿ ಹಿಡಿದು ನೋಡಿರಿ: ಹುಳು ತಿಂದ ಮರದಂತೆ ಅದರ ತುಂಬ ರಂಧ್ರಗಳು, ಕೊಳವೆಗಳು. ಬಿದ್ದ ಮಳೆಯ ಒಂದಂಶ ಇವುಗಳ ಮೂಲಕ ಇಳಿಯುತ್ತದೆ. ಆದರೆ ಇಳಿಯುತ್ತಾ ಹೋದಂತೆ ಕೆಂಪು ಕಲ್ಲು ಮುಗಿದು, ಅರ್ಧ ಕೊಳೆತ ಬೆಸಾಲ್ಟಿನ ಜೇಡಿಯ ಪದರ ಸಿಕ್ಕುತ್ತದೆ. ಅದರ ಕೆಳಗೆ ಕೆಡದ ಬೆಸಾಲ್ಟು. ಜೇಡಿಯು ನೀರನ್ನು ಸುಲಭವಾಗಿ ಬಿಟ್ಟುಕೊಡದು. ತಡೆಗೊಂಡ ನೀರು ಪಕ್ಕಕ್ಕೆ ಸರಿಯುತ್ತದೆ, ಜೇಡಿಯ ಇಳಿಜಾರನ್ನು ಹಿಡಿದು ನಿಧಾನವಾಗಿ ಬಯಲಿನ ಅಂಚಿನ ಕಡೆಗೆ ಸಾಗುತ್ತದೆ, ಮತ್ತು ಕಣಿವೆಯು ಆ ಪದರವನ್ನು ಎಲ್ಲಿ ಕತ್ತರಿಸಿದೆಯೋ ಅಲ್ಲಿ ಹೊರಕ್ಕೆ ಒಸರುತ್ತದೆ. ಅದೇ ಊಟೆ, ಅದೇ ಝರಿ.

ಇದನ್ನು ಮನೆಯಲ್ಲಿಯೇ ನೋಡಬಹುದು. ಒಂದು ತಟ್ಟೆಗೆ ಹಸಿ ಜೇಡಿಯನ್ನು ಬಳಿದು ಸ್ವಲ್ಪ ಓರೆಯಾಗಿ ಇಡಿರಿ. ಅದರ ಮೇಲೆ ದಪ್ಪನಾದ ಸ್ಪಂಜನ್ನಿಟ್ಟು ಮೇಲಿನಿಂದ ಹನಿಹನಿಯಾಗಿ ನೀರು ಹಾಕುತ್ತಾ ಹೋಗಿರಿ. ಮೊದಲಿಗೆ ಏನೂ ಹೊರಬರದು. ಸ್ಪಂಜು ತುಂಬಿದ ಮೇಲೆ ತಗ್ಗಿನ ಕಡೆಯ ಬುಡದಿಂದ ನೀರು ತೊಟ್ಟಿಕ್ಕತೊಡಗುತ್ತದೆ. ಮುಖ್ಯವಾದ ಅಂಶವೆಂದರೆ, ನೀವು ಹನಿಸುವುದನ್ನು ನಿಲ್ಲಿಸಿದ ಮೇಲೂ ಅದು ಬಹಳ ಹೊತ್ತು ತೊಟ್ಟಿಕ್ಕುತ್ತಲೇ ಇರುತ್ತದೆ. ಮಳೆಗಾಲ ಮುಗಿದು ತಿಂಗಳುಗಳಾದ ಮೇಲೂ ಬೀದರಿನ ಝರಿಗಳು ಹರಿಯುವುದರ ಗುಟ್ಟು ಇಷ್ಟೇ.

ಪ್ರಮಾಣವನ್ನೂ ಅಂದಾಜು ಮಾಡೋಣ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೮೫೦ ಮಿಲಿಮೀಟರು ಮಳೆಯಾಗುತ್ತದೆ. ಅದರಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ನೆಲಕ್ಕೆ ಇಳಿಯಿತೆಂದು ಇಟ್ಟುಕೊಂಡರೂ ಒಂದು ಹೆಕ್ಟೇರಿಗೆ ೮೫೦ ಘನಮೀಟರು, ಅಂದರೆ ಎಂಟೂವರೆ ಲಕ್ಷ ಲೀಟರು ನೀರಾಯಿತು. ಒಂದು ಚದರ ಕಿಲೋಮೀಟರಿಗೆ ಎಂಟೂವರೆ ಕೋಟಿ ಲೀಟರು!

ಝರಣಿ ನರಸಿಂಹ ಕ್ಷೇತ್ರದಲ್ಲಿ ಭಕ್ತರು ನೂರಾರು ಅಡಿ ಉದ್ದದ ಸುರಂಗದಲ್ಲಿ ನೀರಿನೊಳಗೆ ನಡೆಯುತ್ತಾರೆ. ನೀರು ಸೊಂಟದವರೆಗೆ, ಒಮ್ಮೊಮ್ಮೆ ಎದೆಯವರೆಗೆ ಬರುತ್ತದೆ. ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಸಾಗುತ್ತಾರೆ. ಮೇಲ್ಛಾವಣಿಗೆ ಬಾವಲಿಗಳು ಜೋತುಬಿದ್ದಿರುತ್ತವೆ. ಸುರಂಗದ ಕೊನೆಯಲ್ಲಿ ನರಸಿಂಹನೂ ಶಿವಲಿಂಗವೂ ಇವೆ. ನರಸಿಂಹನಿಂದ ಹತನಾದ ಜಲಾಸುರನು ನೀರಾಗಿ ಸ್ವಾಮಿಯ ಪಾದದಿಂದ ಹರಿಯುತ್ತಿರುವನೆಂದು ಸ್ಥಳಪುರಾಣ. ಇಲ್ಲಿಯ ನೀರು ಬೇಸಗೆಯಲ್ಲಿ ತಂಪಾಗಿಯೂ ಚಳಿಗಾಲದಲ್ಲಿ ಬೆಚ್ಚಗೂ ಇದೆಯೆಂದು ಯಾತ್ರಿಕರು ಬೆರಗಾಗುತ್ತಾರೆ. ನಿಜವಾಗಿ ನೀರು ಬದಲಾಗುವುದು ಅತ್ಯಲ್ಪ. ಹೊರಗಿನ ಗಾಳಿ ಬದಲಾಗುತ್ತದೆ. ನೆಲದೊಳಗೆ ಹತ್ತಾರು ಅಡಿ ಇಳಿದರೆ ವರ್ಷವಿಡೀ ಶಾಖವು ಆ ಊರಿನ ವಾರ್ಷಿಕ ಸರಾಸರಿಯ ಹತ್ತಿರವೇ ಇರುತ್ತದೆ. ಹೊರಗೆ ನಾಲ್ವತ್ತು ಡಿಗ್ರಿಯ ಬಿಸಿಲಿನಿಂದ ಬಂದವನಿಗೆ ಅದು ಹಿತವಾದ ತಂಪು. ಪುಷ್ಯಮಾಸದ ಬೆಳಗಿನಲ್ಲಿ ಬಂದವನಿಗೆ ಅದೇ ಬೆಚ್ಚನೆಯ ಮೀಹ.

ನಾನಕ ಝೀರಾದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಗುರು ನಾನಕರು ದಕ್ಷಿಣದ ಸಂಚಾರದಲ್ಲಿ ಇಲ್ಲಿಗೆ ಬಂದಾಗ, ಕುಡಿಯಲು ಸಿಹಿನೀರಿಲ್ಲವೆಂದು ಜನರು ಮೊರೆಯಿಡಲು, ಅವರು ಪಾದದಿಂದ ಕಲ್ಲೊಂದನ್ನು ಸರಿಸಿದರಂತೆ. ಅಲ್ಲಿಂದ ಸಿಹಿನೀರು ಚಿಮ್ಮಿತಂತೆ. ಈಗಿನ ಗುರುದ್ವಾರ ೧೯೪೮ರಲ್ಲಿ ಕಟ್ಟಿದುದು. ೧೬೯೯ರಲ್ಲಿ ಗುರು ಗೋವಿಂದಸಿಂಹರ ಕರೆಗೆ ತಲೆಯೊಡ್ಡಿ ನಿಂತ ‘ಪಂಚಪ್ಯಾರೆ’ಗಳಲ್ಲಿ ಒಬ್ಬನಾದ ಭಾಯಿ ಸಾಹಿಬಸಿಂಹನು ಇದೇ ಬೀದರಿನವನೆಂಬುದು ಸಿಖ್ಖರಿಗೆ ಈ ಊರು ಮತ್ತಷ್ಟು ಪ್ರಿಯವಾಗಲು ಕಾರಣ. ‘ಸಿಹಿನೀರು’ ಎಂಬ ಮಾತಿನ ಕಡೆಗೆ ವಾಚಕರು ಲಕ್ಷ್ಯವಿಡಬೇಕು. ಬೆಸಾಲ್ಟಿನ ಬಿರುಕುಗಳಲ್ಲಿ ನಿಂತ ನೀರು ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡುಸಾಗುತ್ತದೆ. ಜಂಬಿಟ್ಟಿಗೆಯಲ್ಲಿಯಾದರೋ ಕರಗತಕ್ಕ ಲವಣಗಳನ್ನು ಹಿಂದಿನ ಮಳೆಗಳು ಎಂದೋ ತೊಳೆದುಬಿಟ್ಟಿವೆ. ಅದರ ಮೂಲಕ ಸೋಸಿಬಂದ ನೀರು ಮೃದುವಾಗಿರುತ್ತದೆ. ಪುರಾಣಕ್ಕೂ ರಸಾಯನಶಾಸ್ತ್ರಕ್ಕೂ ಇಲ್ಲಿ ಜಗಳವೇನೂ ಇಲ್ಲವೆಂದು ನನ್ನ ಎಣಿಕೆ. ಜನರಿಗೆ ಮೊದಲು ತಿಳಿದದ್ದು ರುಚಿ, ಅದರ ಕಾರಣ ಬಹಳ ತಡವಾಗಿ ತಿಳಿಯಿತು.

ಹದಿನೈದನೆಯ ಶತಮಾನದ ಮೊದಲರ್ಧದಲ್ಲಿ ಬಹಮನಿ ಸುಲ್ತಾನ ಅಹಮದಶಹನು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದನು. (ಅಷ್ಟೂರಿನಲ್ಲಿರುವ ಈತನ ಗೋರಿಗೆ ಇಂದಿಗೂ ಮುಸಲ್ಮಾನರೊಡನೆ ಲಿಂಗಾಯತರೂ ನಡೆದುಕೊಳ್ಳುತ್ತಾರೆ, ಅವರ ದೃಷ್ಟಿಯಲ್ಲಿ ಆತನು ಅಲ್ಲಮಪ್ರಭುವಿನ ಅವತಾರ.) ರಾಜಧಾನಿಯೆಂದ ಮೇಲೆ ಜನಸಂಖ್ಯೆ, ಸೈನ್ಯ, ಉದ್ಯಾನಗಳು, ಅಂಚಿನ ಝರಿಗಳಷ್ಟೇ ಸಾಲವು. ಆಗ ಆಸ್ಥಾನದಲ್ಲಿ ಪರ್ಷಿಯದಿಂದ ಬಂದವರು ಅನೇಕರಿದ್ದರು. ೧೪೭೨ರಲ್ಲಿ ಪ್ರಸಿದ್ಧ ಮದರಸವನ್ನು ಕಟ್ಟಿಸಿದ ಮಹಮೂದ ಗವಾನನೂ ಅಲ್ಲಿಯ ಗೀಲಾನಿನವನು. ಆ ದೇಶದ ಒಣನಾಡುಗಳಲ್ಲಿ ನೆಲದಡಿಯ ನೀರನ್ನು ಕಾಲುವೆಯಾಗಿ ಹೊರತರುವ ವಿದ್ಯೆ ಪುರಾತನವಾದುದು. ಅದನ್ನು ಕರೇಜ್ ಎನ್ನುತ್ತಾರೆ. ಬೀದರಿನವರು ಸುರಂಗಬಾವಿ ಎನ್ನುತ್ತಾರೆ.

ಅದರ ತತ್ತ್ವ ಬಹು ಸರಳ. ಎತ್ತರದ ನೆಲದಲ್ಲಿ ನೀರು ಸಿಕ್ಕುವ ಆಳದವರೆಗೆ ಒಂದು ತಾಯಿಬಾವಿಯನ್ನು ತೋಡಬೇಕು. ಅದರ ಬುಡದಿಂದ ತಗ್ಗಿನ ಕಡೆಗೆ ಸುರಂಗವನ್ನು ಕೊರೆಯಬೇಕು. ಸುರಂಗದ ಇಳಿಜಾರು ಮೇಲಿನ ನೆಲದ ಇಳಿಜಾರಿಗಿಂತ ಕಡಮೆಯಾಗಿದ್ದರೆ, ಒಂದಷ್ಟು ದೂರ ಹೋದ ಮೇಲೆ ಅದು ತಾನಾಗಿಯೇ ನೆಲದ ಮೇಲಕ್ಕೆ ಬಂದು ಸೇರುತ್ತದೆ. ಏತವಿಲ್ಲ, ಕಪಿಲೆಯಿಲ್ಲ, ಎತ್ತಿಲ್ಲ. ನೀರು ತನ್ನ ಭಾರದಿಂದಲೇ ಹರಿದು ಬರುತ್ತದೆ. ಇಳಿಜಾರು ಅತಿಯಾದರೆ ಪ್ರವಾಹವು ಸುರಂಗದ ತಳವನ್ನು ಕೊರೆದುಬಿಡುತ್ತದೆ, ಕಡಮೆಯಾದರೆ ಹೂಳು ತುಂಬುತ್ತದೆ. ಕುಶಲತೆ ಇರುವುದು ಈ ಅಳತೆಯಲ್ಲಿ. ದಾರಿಯುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಕಿಂಡಿಬಾವಿಗಳನ್ನು ಇಳಿಸುತ್ತಾರೆ. ಕೆಲಸ ನಡೆಯುವಾಗ ಮಣ್ಣೆತ್ತಲು, ಗಾಳಿ ಬೆಳಕು ಕೊಡಲು ಅವು ಬೇಕು. ಮುಂದೆ ಊರವರು ನೀರು ಸೇದಲೂ ಆಗುತ್ತವೆ.

ಬೀದರಿನ ನೌಬಾದಿನಲ್ಲಿರುವ ಸುರಂಗಬಾವಿ ಎರಡು ಕಿಲೋಮೀಟರಿಗಿಂತಲೂ ಉದ್ದವಾಗಿದ್ದು, ಇಪ್ಪತ್ತೊಂದು ಕಿಂಡಿಬಾವಿಗಳನ್ನು ಗುರುತಿಸಲಾಗಿದೆ. ಕೇರಳದ ಭೂಗೋಳಶಾಸ್ತ್ರಜ್ಞ ವಿ. ಗೋವಿಂದನ್‌ಕುಟ್ಟಿಯವರು ಇದನ್ನು ಅಳೆದು ನಕ್ಷೆಗೆ ತಂದು ಲೋಕದ ಗಮನಕ್ಕೆ ಕೊಟ್ಟರು. ಕೇರಳದವರೊಬ್ಬರು ಇದನ್ನು ಬೇಗ ಗುರುತಿಸಿದುದರಲ್ಲಿ ಅಚ್ಚರಿಯಿಲ್ಲವೇನೋ. ಕಾಸರಗೋಡು ಮತ್ತು ದಕ್ಷಿಣ ಕನ್ನಡಗಳ ಅಡಕೆ ತೋಟಗಳವರು ಇದೇ ಮುರಕಲ್ಲಿನ ಗುಡ್ಡಗಳನ್ನು ಅಡ್ಡಲಾಗಿ ಕೊರೆದು ‘ಸುರಂಗ’ಗಳಿಂದ ನೀರು ತೆಗೆಯುತ್ತಾರೆ. ಅಲ್ಲಿ ಒಂದು ಮನೆತನದ ತೋಟಕ್ಕೊಂದು ಸುರಂಗ. ಇಲ್ಲಿ ರಾಜಧಾನಿಗೇ ಒಂದು. ಕಲ್ಲಿನ ಗುಣ ಎರಡೂ ಕಡೆ ಒಂದೇ.

ಭಾಲ್ಕಿ, ಔರಾದಗಳ ಎರೆಭೂಮಿಗೆ ಇಳಿದರೆ ಈ ಸೌಕರ್ಯ ತಪ್ಪಿಹೋಗುತ್ತದೆ. ಎರೆಮಣ್ಣು ಮಳೆ ಬಿದ್ದೊಡನೆ ಉಬ್ಬಿ ತನ್ನ ಬಿರುಕುಗಳನ್ನು ಮುಚ್ಚಿಕೊಳ್ಳುತ್ತದೆ. ತೇವವನ್ನು ಪೈರಿಗಾಗಿ ಹಿಡಿದಿಡುತ್ತದೆ, ಆಳಕ್ಕೆ ಬಿಡುವುದು ಕಡಮೆ. ಹಿಂಗಾರಿ ಜೋಳ, ಕಡಲೆಗೆ ಇದು ಭಾಗ್ಯ. ಬಾವಿ ತೋಡುವವನಿಗೆ ಅಲ್ಲ. ಕೆಳಗಿನ ಬೆಸಾಲ್ಟಿನಲ್ಲಿ ನೀರಿರುವುದು ಸೀಳುಗಳಲ್ಲಿ ಮತ್ತು ಎರಡು ಲಾವಾ ಹಾಸುಗಳ ನಡುವಣ ಸವಕಲು ಪದರಗಳಲ್ಲಿ ಮಾತ್ರ. ಒಬ್ಬನ ಹೊಲದಲ್ಲಿ ಬಾವಿ ತುಂಬಿದ್ದು, ಪಕ್ಕದವನ ಹೊಲದಲ್ಲಿ ಬರಿದಾಗಿರುವುದು ಅಲ್ಲಿ ನಿತ್ಯದ ಮಾತು. ೨೦೧೬ರ ಏಪ್ರಿಲಿನಲ್ಲಿ ನೆರೆಯ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಬೇಕಾಯಿತು. ಲಾತೂರು ಇದೇ ಬೆಸಾಲ್ಟಿನ ಮೇಲಿದೆ.

ಹಾಗೆಂದು ಕೆಂಪು ಬಯಲಿನವರು ನಿಶ್ಚಿಂತರಾಗಿರುವಂತಿಲ್ಲ. ಸ್ಪಂಜಿನ ಪ್ರಯೋಗಕ್ಕೆ ಮರಳೋಣ. ಸ್ಪಂಜಿನ ಮೇಲೆ ಒಂದು ಎಣ್ಣೆಕಾಗದವನ್ನು ಹಾಸಿ ನೀರು ಹನಿಸಿದರೆ ಅದು ಪಕ್ಕಕ್ಕೆ ಹರಿದುಹೋಗುತ್ತದೆ. ಬಯಲಿನ ಮೇಲೆ ಹಬ್ಬುತ್ತಿರುವ ಮನೆಗಳು, ಡಾಂಬರು ರಸ್ತೆಗಳು, ಕಾಂಕ್ರೀಟು ಅಂಗಳಗಳು ಆ ಕಾಗದದ ಕೆಲಸವನ್ನೇ ಮಾಡುತ್ತವೆ. ಸ್ಪಂಜಿನ ನಡುವೆ ಹೀರುಗೊಳವೆಯನ್ನು ಚುಚ್ಚಿ ನೀರೆಳೆದರೆ ಬುಡದ ತೊಟ್ಟಿಕೆ ನಿಲ್ಲುತ್ತದೆ. ಕೊಳವೆಬಾವಿಗಳು ಮಾಡುವುದು ಇದನ್ನೇ. ಮೂರನೆಯದು ಇನ್ನೂ ಗಂಭೀರ. ನೀರನ್ನು ಬೇಗ ಒಳಕ್ಕೆ ಬಿಡುವ ಕಲ್ಲು ಕೊಳೆಯನ್ನೂ ಅಷ್ಟೇ ಬೇಗ ಬಿಡುತ್ತದೆ. ಮನೆಯ ಶೌಚಗುಂಡಿಯಿಂದ ಇಳಿದದ್ದು ದೊಡ್ಡ ರಂಧ್ರಗಳ ದಾರಿಯಲ್ಲಿ ಸೋಸಿಹೋಗಲು ಸಾಕಷ್ಟು ಸಮಯ ಸಿಕ್ಕುವ ಮುನ್ನವೇ ಅಂಚಿನ ಝರಿಯನ್ನು ತಲುಪಬಹುದು. ಆದುದರಿಂದ ನೋಟಕ್ಕೆ ತಿಳಿಯಾದ ಊಟೆಯ ನೀರನ್ನೂ ಪರೀಕ್ಷಿಸದೆ ಕುಡಿಯುವುದು ತರವಲ್ಲ.

ನೌಬಾದಿನ ಕಿಂಡಿಬಾವಿಗಳಲ್ಲಿ ಕೆಲವು ಮಣ್ಣು ಕಸಗಳಿಂದ ಮುಚ್ಚಿಹೋಗಿದ್ದುವು. ಈ ಶತಮಾನದ ಎರಡನೆಯ ದಶಕದಲ್ಲಿ ಹೂಳೆತ್ತುವ ಕೆಲಸ ಕೈಗೊಂಡು, ಸುರಂಗದ ಭಾಗಗಳನ್ನು ಮತ್ತೆ ತೆರೆಯಲಾಯಿತು. ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಒಂದು ಬಕೆಟ್ಟನ್ನೂ ಕೈಗಡಿಯಾರವನ್ನೂ ಒಯ್ಯುವುದು ಒಳ್ಳೆಯದು. ಯಾವುದಾದರೂ ಝರಿಯು ಧಾರೆಯಾಗಿ ಬೀಳುವೆಡೆ ಹತ್ತು ಲೀಟರಿನ ಬಕೆಟ್ಟು ಎಷ್ಟು ಸೆಕೆಂಡುಗಳಲ್ಲಿ ತುಂಬುವುದೆಂದು ಬರೆದಿಟ್ಟುಕೊಳ್ಳಿರಿ. ದಸರೆಯ ರಜೆಯಲ್ಲಿ ಒಮ್ಮೆ, ಸಂಕ್ರಾಂತಿಗೆ ಒಮ್ಮೆ, ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ ಮತ್ತೊಮ್ಮೆ ಅಳೆದರೆ, ನೆಲದೊಳಗಿನ ಸಂಗ್ರಹವು ಹೇಗೆ ಇಳಿಯುತ್ತಾ ಹೋಗುವುದೆಂಬುದು ಮೂರೇ ಅಂಕೆಗಳಲ್ಲಿ ಕಾಣುತ್ತದೆ. ಮುಂದಿನ ವರ್ಷ ಅದೇ ತಿಂಗಳುಗಳಲ್ಲಿ ಅಳೆದವರಿಗೆ ಹೋಲಿಸಿ ನೋಡಲು ಒಂದು ಸಾಲು ಸಿಕ್ಕಿರುತ್ತದೆ.