ನಿರ್ಮಾಣ ವೃತ್ತಿಪರರ ನಿರಂತರ ವೃತ್ತಿ ಶಿಕ್ಷಣ
ನಿರಂತರ ವೃತ್ತಿ ಶಿಕ್ಷಣ ಎಂದರೆ ವಾಸ್ತುಶಿಲ್ಪಿಗಳು, ಸಿವಿಲ್ ಎಂಜಿನಿಯರುಗಳು ಮುಂತಾದ ನಿರ್ಮಾಣ ವೃತ್ತಿಪರರು ಪದವಿ ಪಡೆದ ಬಳಿಕವೂ ತಮ್ಮ ಜ್ಞಾನ ಮತ್ತು ಕೌಶಲವನ್ನು ವೃದ್ಧಿಸಿಕೊಳ್ಳುವ ಕ್ರಮ. 1970ರಲ್ಲಿ ಮೊದಲು ಪ್ರಕಟವಾದ ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು 1983, 2005 ಮತ್ತು 2016ರಲ್ಲಿ ಪರಿಷ್ಕರಣೆಗೊಂಡಿದೆ. ಹಳೆಯ ಸಂಹಿತೆಯನ್ನು ಮಾತ್ರ ಬಲ್ಲವರು ಹೊಸ ಸುರಕ್ಷತಾ ನಿಯಮಗಳನ್ನು ಅರಿಯದಿದ್ದರೆ ಅದರ ಅಪಾಯ ಕಟ್ಟಡದ ನಿವಾಸಿಗಳಿಗೆ ತಟ್ಟುತ್ತದೆ.

ಬ್ರಿಟನ್ನಿನ ವಾಸ್ತುಶಿಲ್ಪಿಗಳ ರಾಯಲ್ ಸಂಸ್ಥೆಯು ತನ್ನ ವೃತ್ತಿನಿರತ ಸದಸ್ಯರಿಗೆ ವರ್ಷಕ್ಕೆ 35 ಗಂಟೆಗಳ ಕಲಿಕೆಯನ್ನು ವಿಧಿಸಿದೆ. ಭಾರತದಲ್ಲಿ 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ರಚಿತವಾದ ವಾಸ್ತುಶಿಲ್ಪ ಪರಿಷತ್ತು ಪುಣೆಯಲ್ಲಿ ತರಬೇತಿ ಮತ್ತು ಸಂಶೋಧನಾ ಕೇಂದ್ರವನ್ನು ಹೊಂದಿದೆ.

ಕಲಿಯಬೇಕಾದ ವಿಷಯಗಳು ಪ್ರದೇಶಕ್ಕೆ ತಕ್ಕಂತೆ ಭಿನ್ನವಾಗಿರುತ್ತವೆ. ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂತಹ ಭಾರೀ ಮಳೆಯ ಮಲೆನಾಡಿನ ಗ್ರಾಮಗಳಲ್ಲಿ ಇಳಿಜಾರು ಮಾಡಿನ ರಚನೆ, ತಳಪಾಯದ ಸುತ್ತ ನೀರು ಹರಿಯುವ ವ್ಯವಸ್ಥೆ ಹಾಗೂ ಧರೆ ಕುಸಿಯದಂತೆ ತಡೆಯುವ ವಿಧಾನಗಳು ಮುಖ್ಯವಾಗುತ್ತವೆ.