ಗಣಕಯಂತ್ರದ ‘ವರ್ಗ’ವೂ ನಮ್ಮ ಸೀಮೆಯ ಶಾಸನಗಳೂ

(ಬಾನುಲಿ ಭಾಷಣ)

ಕನ್ನಡ ಎಂ.ಎ. ಮಾಡಿ, ಪಂಪನನ್ನೂ ಕೇಶಿರಾಜನನ್ನೂ ಪಾಠ ಹೇಳಿ ನಿವೃತ್ತನಾದವನೊಬ್ಬ ಗಣಕಯಂತ್ರದ ಕ್ರಮವಿಧಿಯನ್ನು ಕುರಿತು ಮಾತನಾಡಲು ಹೊರಟರೆ ಕೇಳುಗರಿಗೆ ಆಶ್ಚರ್ಯವಾಗುವುದು ಸಹಜ. ಅದಕ್ಕೊಂದು ಕಾರಣವುಂಟು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಅಧ್ಯಾಪಕನಾಗಿದ್ದಾಗ, ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದು ಗಣಕ ವಿಜ್ಞಾನವನ್ನು ಆರಿಸಿಕೊಂಡಿದ್ದ ಹುಡುಗನೊಬ್ಬ ಒಂದು ಸಂಜೆ ನನ್ನಲ್ಲಿಗೆ ಬಂದ. “ಸಾರ್, ಕ್ಲಾಸ್ ಅಂದರೇನು, ಆಬ್ಜೆಕ್ಟ್ ಅಂದರೇನು? ಉತ್ತರ ಬಾಯಿಪಾಠವಾಗಿದೆ, ಅರ್ಥ ಮಾತ್ರ ಆಗಿಲ್ಲ” ಎಂದ. ನಾನು ನಿಘಂಟು ತೆರೆದು ‘ವರ್ಗ’, ‘ವಸ್ತು’ ಎಂದು ಎರಡು ಪದಗಳನ್ನು ಕೊಟ್ಟು, “ಮುಂದಿನದು ನನ್ನ ಕ್ಷೇತ್ರವಲ್ಲಪ್ಪ” ಎಂದು ಕಳುಹಿಸಿಬಿಟ್ಟೆ. ವರ್ಷದ ಕೊನೆಯಲ್ಲಿ ಅವನು ಓದು ಬಿಟ್ಟನೆಂದು ತಿಳಿಯಿತು. ಅದಕ್ಕೆ ಹಲವು ಕಾರಣಗಳಿದ್ದಿರಬಹುದು. ನನ್ನ ಎರಡು ಪದಗಳಿಂದ ಅವನಿಗೆ ಪ್ರಯೋಜನವಾಗಲಿಲ್ಲ ಎಂಬುದಂತೂ ನಿಜ. ಈಗ ತೊಗರ್ಸಿಯಲ್ಲಿ ನೆಲೆಸಿರುವ ನನ್ನ ಬಳಿಗೆ ನೆರೆಮನೆಯ ಹುಡುಗಿ ಅದೇ ಪ್ರಶ್ನೆಯನ್ನು ಹಿಡಿದು ಬಂದಳು. ಆಕೆ ದಿನವೂ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಹೋಗಿ ಪದವಿ ತರಗತಿಯಲ್ಲಿ ಓದುತ್ತಿರುವವಳು. ಈ ಸಲ ನಾನು ನಿಘಂಟು ತೆರೆಯಲಿಲ್ಲ. “ಪುಸ್ತಕ ಇಲ್ಲಿಟ್ಟು ಹೋಗಮ್ಮ, ನಾನೂ ಓದುತ್ತೇನೆ” ಎಂದೆ. ಓದಿದ್ದರ ಫಲವೇ ಈ ಭಾಷಣ.

ಮೊದಲು ಇನ್‌ಪುಟ್ ಮತ್ತು ಔಟ್‌ಪುಟ್. ಕನ್ನಡದಲ್ಲಿ ಇವನ್ನು ಆದಾನ, ಪ್ರದಾನ ಎನ್ನುತ್ತಾರೆ. ಅಕ್ಕಿ ಗಿರಣಿಗೆ ಸುರಿದ ಭತ್ತ ಆದಾನ, ಹೊರಬಂದ ಅಕ್ಕಿ ಪ್ರದಾನ ಎಂದು ವಿವರಿಸುವುದುಂಟು. ಈ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ. ಗಿರಣಿಗೆ ಹೋದ ಭತ್ತ ಮತ್ತೆ ಭತ್ತವಾಗಿ ಸಿಕ್ಕುವುದಿಲ್ಲ. ಗಣಕಕ್ಕೆ ಕೊಟ್ಟದ್ದಾದರೋ, ಹೆಸರು ಬರೆದ ಡಬ್ಬಿಯಲ್ಲಿಟ್ಟ ಸಾಮಾನಿನಂತೆ, ಅದರ ಸ್ಮೃತಿಯಲ್ಲಿ ಉಳಿದಿರುತ್ತದೆ. ಆ ಹೆಸರನ್ನು ಹೇಳಿ ಎಷ್ಟು ಸಲ ಬೇಕಾದರೂ ಬಳಸಿಕೊಳ್ಳಬಹುದು. ಆದರೆ ಡಬ್ಬಿಯಲ್ಲಿರುವುದು ಯಾವ ಬಗೆಯ ಪದಾರ್ಥ ಎಂಬುದನ್ನು ನಾವು ಮರೆಯುವಂತಿಲ್ಲ. ಹೊಸಬರು ಎಡವುವುದು ಇಲ್ಲಿಯೇ.

ಉದಾಹರಣೆಗೆ ನಮ್ಮ ಸೀಮೆಯ ಶಾಸನಗಳನ್ನೇ ತೆಗೆದುಕೊಳ್ಳೋಣ. ಬಳ್ಳಿಗಾವೆ, ತಾಳಗುಂದ, ತೊಗರ್ಸಿ ಎಂದು ಊರೂರಿಗೂ ಕಲ್ಲುಬರಹಗಳಿರುವ ನೆಲವಿದು. ಬಿ.ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 1902ರ ಏಳನೆಯ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳೂ, 1904ರ ಎಂಟನೆಯ ಸಂಪುಟದಲ್ಲಿ ಸೊರಬದ ಶಾಸನಗಳೂ ಅಚ್ಚಾಗಿವೆ. ಶಾಸನದಲ್ಲಿರುವ ಶಕವರ್ಷಕ್ಕೆ 78ನ್ನು ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತಶಕ ದೊರೆಯುತ್ತದೆ. ಚಾಂದ್ರಮಾನ ವರ್ಷದ ಕೊನೆಯ ತಿಂಗಳುಗಳಿಗೆ 79. ಈ ಲೆಕ್ಕವನ್ನು ಮಾಡುವ ಪುಟ್ಟ ಕ್ರಮವಿಧಿಯೊಂದನ್ನು ಹುಡುಗಿ ಪೈಥಾನ್ ಎಂಬ ಭಾಷೆಯಲ್ಲಿ ಬರೆದಳು. ಯಂತ್ರ “ಶಕವರ್ಷ ಎಷ್ಟು?” ಎಂದು ಕೇಳಿತು, 1000 ಎಂದು ಒತ್ತಿದಳು. “ಕೂಡಿಸಬೇಕಾದದ್ದು ಎಷ್ಟು?” ಎಂದಿತು, 78 ಎಂದು ಒತ್ತಿದಳು. ಪರದೆಯ ಮೇಲೆ ಬಂದ ಉತ್ತರ 1078 ಅಲ್ಲ, 100078!

ಯಂತ್ರ ಕೆಟ್ಟಿರಲಿಲ್ಲ. ಪೈಥಾನಿನಲ್ಲಿ ‘ಇನ್‌ಪುಟ್’ ಎಂಬ ಆಜ್ಞೆ ಕೀಲಿಮಣೆಯಲ್ಲಿ ಒತ್ತಿದ್ದನ್ನು ಕೇವಲ ಅಕ್ಷರಗಳ ಸಾಲಾಗಿ ತಂದುಕೊಡುತ್ತದೆ. ಅಕ್ಷರಸಾಲುಗಳನ್ನು ಕೂಡಿಸುವುದೆಂದರೆ ಒಂದರ ಮುಂದೆ ಇನ್ನೊಂದನ್ನು ಜೋಡಿಸುವುದು ಎಂದರ್ಥ. ಅಂಕೆ ಬೇರೆ, ಸಂಖ್ಯೆ ಬೇರೆ: ಅಂಕೆ ಬರೆಯುವ ಗುರುತು, ಸಂಖ್ಯೆ ಎಣಿಸುವ ಮೊತ್ತ. ಬಂದದ್ದನ್ನು ಸಂಖ್ಯೆಯಾಗಿ ಗ್ರಹಿಸು ಎಂದು ‘ಇಂಟ್’ ಎಂಬ ಆಜ್ಞೆಯಿಂದ ಹೇಳಿದ ಮೇಲೆ 1078 ಬಂದಿತು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ‘ಸಿ-ಇನ್’ ಎಂಬುದರ ಮೂಲಕ ಹೆಸರನ್ನು ಕೇಳಿ, ನೀವು ‘ಅಕ್ಕ ಮಹಾದೇವಿ’ ಎಂದು ಬಿಡಿಸಿ ಬರೆದರೆ, ಅದು ‘ಅಕ್ಕ’ ಎಂಬಷ್ಟನ್ನೇ ಸ್ವೀಕರಿಸಿ ನಿಂತುಬಿಡುತ್ತದೆ. ನಡುವಣ ತೆರಪು ಅದಕ್ಕೆ ಪೂರ್ಣವಿರಾಮವಿದ್ದಂತೆ. ಇಡೀ ಸಾಲನ್ನು ಓದಿಸಬೇಕಾದರೆ ‘ಗೆಟ್‌ಲೈನ್’ ಎಂಬ ಬೇರೆ ಆಜ್ಞೆಯೇ ಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನೂರು ಶಾಸನಗಳ ವಿವರಗಳನ್ನು ಗಣಕದಲ್ಲಿಡಬೇಕೆಂದುಕೊಳ್ಳಿ. ಊರುಗಳದೊಂದು ಪಟ್ಟಿ, ವರ್ಷಗಳದೊಂದು ಪಟ್ಟಿ, ದಾನಿಗಳದೊಂದು ಪಟ್ಟಿ ಎಂದು ಬೇರೆಬೇರೆಯಾಗಿ ಇಡಬಹುದು. ಆದರೆ ವರ್ಷಗಳ ಪಟ್ಟಿಯಲ್ಲಿ ಒಂದೇ ಒಂದು ಬಿಟ್ಟುಹೋದರೆ, ಅಲ್ಲಿಂದ ಮುಂದೆ ಒಬ್ಬನ ದಾನ ಇನ್ನೊಬ್ಬನ ಕಾಲಕ್ಕೆ ಸೇರಿಕೊಳ್ಳುತ್ತದೆ. ಆದ್ದರಿಂದ ಒಂದು ಕಲ್ಲಿಗೆ ಸಂಬಂಧಿಸಿದ ಎಲ್ಲವನ್ನೂ ಒಟ್ಟಿಗೆ ಇಡುವುದು ಲೇಸು. ಈ ವಿವೇಕದ ಮೇಲೆ ನಿಂತಿರುವುದೇ ವರ್ಗ ಮತ್ತು ವಸ್ತುಗಳ ವ್ಯವಸ್ಥೆ.

ದಾನಶಾಸನಗಳನ್ನು ಓದಿದವರಿಗೆ ಅವುಗಳ ಚೌಕಟ್ಟು ಪರಿಚಿತ. ಆರಂಭದಲ್ಲಿ ಸ್ತುತಿ, ಆಮೇಲೆ ಆಳುವ ಅರಸನ ಪ್ರಶಸ್ತಿ, ಕಾಲ, ದಾನಿ, ದಾನ ಪಡೆದವರು, ಕೊಟ್ಟ ಭೂಮಿ ಎಷ್ಟು ಮತ್ತರು, ಅದರ ಎಲ್ಲೆ ಯಾವುದು, ಕೊನೆಗೆ ದಾನವನ್ನು ಅಳಿದವರಿಗೆ ಶಾಪ. ಎಲ್ಲ ಕಲ್ಲುಗಳಲ್ಲೂ ಎಲ್ಲವೂ ಇರುವುದಿಲ್ಲವಾದರೂ ಒಟ್ಟು ಕಟ್ಟಡ ಒಂದೇ. ಯಾವ ಊರಿನ ಹೆಸರನ್ನೂ ತುಂಬದೆ, ಈ ಚೌಕಟ್ಟನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದಿಡಿ. ಅದು ವರ್ಗ. ಅದರ ಪ್ರಕಾರ ಒಂದು ನಿರ್ದಿಷ್ಟ ಕಲ್ಲಿನ ವಿವರವನ್ನು ತುಂಬಿ ಸಿದ್ಧಪಡಿಸಿದ್ದು ವಸ್ತು. ವರ್ಗ ಒಂದು, ವಸ್ತುಗಳು ಎಷ್ಟಾದರೂ ಆಗಬಹುದು.

ನನ್ನ ಹಳೆಯ ತಪ್ಪು ನನಗೆ ಹೊಳೆದದ್ದು ಇಲ್ಲಿ. ಕನ್ನಡದಲ್ಲಿ ‘ವರ್ಗ’ ಎಂದೊಡನೆ ಗುಂಪು ಎಂಬ ಅರ್ಥ ಮುಂದೆ ಬಂದು ನಿಲ್ಲುತ್ತದೆ: ಬಂಧುವರ್ಗ, ಶ್ರಮಿಕವರ್ಗ. ಕ್ರಮವಿಧಿಯ ವರ್ಗವಾದರೋ ಕಲ್ಲುಗಳ ರಾಶಿಯಲ್ಲ. ಕಲ್ಲು ಹೇಗಿರಬೇಕೆಂಬ ನಿರೂಪಣೆ. ಒಂದು ಕಲ್ಲೂ ಇಲ್ಲದಿರುವಾಗಲೂ ವರ್ಗ ಇರಬಲ್ಲದು. ‘ವಸ್ತು’ ಎಂದರೆ ಜಡಪದಾರ್ಥವೆಂದು ನಾವು ತಿಳಿಯುತ್ತೇವೆ. ಇಲ್ಲಿಯ ವಸ್ತುವಾದರೋ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಈ ಪದ್ಧತಿಯನ್ನು ‘ವಸ್ತುನಿಷ್ಠ’ ಎಂದು ಕರೆದರಂತೂ, ವಿಮರ್ಶೆಯಲ್ಲಿ ಆ ಮಾತನ್ನು ಕೇಳಿದವರು ದಾರಿ ತಪ್ಪಿಯೇ ಹೋಗುತ್ತಾರೆ. ಪದಗಳು ಸರಿಯಾದವೇ. ಅವುಗಳ ಹಿಂದಿನ ಅರ್ಥವನ್ನು ಬಿಡಿಸಿ ಹೇಳದೆ ಕೈಗಿಟ್ಟದ್ದು ನನ್ನ ತಪ್ಪು. ಅದರ ಬದಲು ವ್ಯಾಕರಣದ ‘ಲಕ್ಷಣ’ ಮತ್ತು ‘ಲಕ್ಷ್ಯ’ ಎಂಬ ಜೋಡಿಯನ್ನು ಹೇಳಿದ್ದರೆ ಆ ಹುಡುಗನಿಗೆ ಸ್ವಲ್ಪ ಬೆಳಕಾದರೂ ಸಿಕ್ಕುತ್ತಿತ್ತು. ಸೂತ್ರ ಹೇಳುವುದು ಲಕ್ಷಣ, ಪ್ರಯೋಗದಲ್ಲಿ ಸಿಕ್ಕುವ ಪದ ಲಕ್ಷ್ಯ. ಹದಿಮೂರನೆಯ ಶತಮಾನದ ಕೇಶಿರಾಜನಿಗೆ ಗಣಕ ತಿಳಿದಿತ್ತೆಂದು ಯಾರೂ ಭಾವಿಸಬೇಕಾಗಿಲ್ಲ. ಬಲ್ಲ ದಾರಿಯಿಂದ ಅರಿಯದ ಊರಿಗೆ ಹೋಗುವ ಉಪಾಯ ಮಾತ್ರ ಇದು.

ವಸ್ತು ಉತ್ತರ ಕೊಡುತ್ತದೆ ಎಂದೆನಷ್ಟೆ. ವರ್ಗದಲ್ಲಿ ಗುಣಗಳ ಜೊತೆಗೆ ಕ್ರಿಯೆಗಳನ್ನೂ ಬರೆದಿಡುತ್ತಾರೆ. ‘ಊರು’, ‘ವರ್ಷ’, ‘ದಾನಿ’ ಎಂಬುವು ಗುಣಗಳು. ‘ಕ್ರಿಸ್ತಶಕ ಹೇಳು’ ಎಂಬುದು ಕ್ರಿಯೆ. ಈ ಕ್ರಿಯೆಯನ್ನು ಬರೆಯುವಾಗ ಪೈಥಾನಿನಲ್ಲಿ ‘ಸೆಲ್ಫ್’ ಎಂಬ ಪದವೊಂದು ಬರುತ್ತದೆ. ಹುಡುಗಿಗೆ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು ಅದೇ. “ಇದು ನಮ್ಮ ‘ತಾನು’ ಕಣಮ್ಮ” ಎಂದೆ. ‘ಸೀತೆ ತನ್ನ ಮನೆಗೆ ಹೋದಳು’ ಎಂದರೆ ಸೀತೆಯ ಮನೆ, ‘ರಾಮ ತನ್ನ ಮನೆಗೆ ಹೋದ’ ಎಂದರೆ ರಾಮನ ಮನೆ. ‘ತಾನು’ ಯಾರೆಂಬುದನ್ನು ಕರ್ತೃ ನಿರ್ಧರಿಸುತ್ತದೆ. ವರ್ಗದಲ್ಲಿ ‘ತನ್ನ ವರ್ಷಕ್ಕೆ 78 ಕೂಡಿಸು’ ಎಂದು ಒಮ್ಮೆ ಬರೆದರೆ ಸಾಕು. ಯಾವ ಕಲ್ಲನ್ನು ಕೇಳುತ್ತೀರೋ ಆ ಕಲ್ಲು ತನ್ನ ವರ್ಷವನ್ನೇ ತೆಗೆದುಕೊಳ್ಳುತ್ತದೆ.

ಆದರೆ ಎಲ್ಲ ಕಲ್ಲುಗಳೂ ಶಕವರ್ಷವನ್ನು ಹೇಳುವುದಿಲ್ಲ. ಆರನೆಯ ವಿಕ್ರಮಾದಿತ್ಯ 1076ರಲ್ಲಿ ಚಾಲುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದ. ಆ ಗಣನೆಯ ಶಾಸನಕ್ಕೆ ಕೂಡಿಸಬೇಕಾದದ್ದು 1075. ಶಕವರ್ಷ 1000ವೂ ಚಾಲುಕ್ಯ ವಿಕ್ರಮದ 3ನೆಯ ವರ್ಷವೂ ಒಂದೇ ಕಾಲವನ್ನು, 1078ನ್ನು ಸೂಚಿಸುತ್ತವೆ. ಹೀಗಿರುವಲ್ಲಿ ‘ಶಾಸನ’ ಎಂಬ ಮೂಲವರ್ಗದಿಂದ ‘ಶಕಶಾಸನ’, ‘ವಿಕ್ರಮಶಾಸನ’ ಎಂಬ ಎರಡು ಉಪವರ್ಗಗಳನ್ನು ಕವಲೊಡೆಸಬಹುದು. ಊರು, ದಾನಿ ಮೊದಲಾದ ಗುಣಗಳು ಪಿತ್ರಾರ್ಜಿತದಂತೆ ಎರಡಕ್ಕೂ ಬರುತ್ತವೆ. ‘ಕ್ರಿಸ್ತಶಕ ಹೇಳು’ ಎಂಬ ಕ್ರಿಯೆಯನ್ನು ಮಾತ್ರ ಪ್ರತಿಯೊಂದೂ ತನ್ನದೇ ರೀತಿಯಲ್ಲಿ ನಡೆಸುತ್ತದೆ. ಕೇಳುವವನ ಪ್ರಶ್ನೆ ಒಂದೇ, ಉತ್ತರಿಸುವ ಲೆಕ್ಕ ಬೇರೆ. ಮೊದಲನೆಯದನ್ನು ಆನುವಂಶಿಕತೆ, ಎರಡನೆಯದನ್ನು ಬಹುರೂಪತೆ ಎನ್ನುತ್ತಾರೆ.

ಈ ವಿಚಾರಗಳು ಹುಟ್ಟಿದ್ದು ನಾರ್ವೆ ದೇಶದಲ್ಲಿ. ಓಸ್ಲೋ ನಗರದ ನಾರ್ವೇಜಿಯನ್ ಗಣಕ ಕೇಂದ್ರದಲ್ಲಿ ಓಲೆ-ಯೊಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಎಂಬಿಬ್ಬರು 1960ರ ದಶಕದಲ್ಲಿ ‘ಸಿಮುಲಾ’ ಎಂಬ ಭಾಷೆಯನ್ನು ರೂಪಿಸಿದರು. ವರ್ಗ ಮತ್ತು ವಸ್ತುಗಳು ಕಾಣಿಸಿಕೊಂಡದ್ದು ಅದರ 1967ರ ಆವೃತ್ತಿಯಲ್ಲಿ. ಅದರಿಂದ ಪ್ರೇರಿತನಾದ ಬಿಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಆರಂಭಿಸಿದ ಕೆಲಸವೇ 1983ರಲ್ಲಿ ಸಿ ಪ್ಲಸ್ ಪ್ಲಸ್ ಎಂಬ ಹೆಸರನ್ನು ಪಡೆಯಿತು. ಗೀಡೊ ಫಾನ್ ರಾಸಮ್ ರಚಿಸಿದ ಪೈಥಾನ್ 1991ರಲ್ಲಿ ಹೊರಬಂದಿತು.

ಕೊನೆಯದಾಗಿ ಒಂದು ಎಚ್ಚರಿಕೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭಶಾಸನವನ್ನು ನೀವು ಬಲ್ಲಿರಿ. ಕದಂಬ ಶಾಂತಿವರ್ಮನ ಕಾಲದ್ದು; ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ್ದು. ಅದರಲ್ಲಿ ಶಕವರ್ಷವಿಲ್ಲ. ಹುಡುಗಿ ಆ ಜಾಗದಲ್ಲಿ ಸೊನ್ನೆಯನ್ನು ತುಂಬಿದಳು. ಯಂತ್ರ ಎಳ್ಳಷ್ಟೂ ಅಳುಕದೆ, ಶಾಸನದ ಕಾಲ ಕ್ರಿ.ಶ. 78 ಎಂದು ಹೇಳಿಬಿಟ್ಟಿತು! ವಿದ್ವಾಂಸರು ಅದನ್ನು ಐದನೆಯ ಶತಮಾನಕ್ಕೆ ಸೇರಿಸುತ್ತಾರೆ. ಸೊನ್ನೆ ಬೇರೆ, ‘ಹೇಳಿಲ್ಲ’ ಎಂಬುದು ಬೇರೆ. ‘ವರ್ಷ ಇಲ್ಲದಿದ್ದರೆ ಲೆಕ್ಕ ಮಾಡಬೇಡ, ಇಲ್ಲವೆಂದು ಹೇಳು’ ಎಂದು ವರ್ಗದಲ್ಲಿ ಬರೆಯಬೇಕಾದವರು ನಾವು. ಯಂತ್ರಕ್ಕೆ ತಾನಾಗಿ ಆ ಸಂಶಯ ಹುಟ್ಟುವುದಿಲ್ಲ. ಲಕ್ಷಣವನ್ನು ಬರೆಯುವವನು ಲಕ್ಷ್ಯವನ್ನು ಕಣ್ಣಾರೆ ನೋಡಿರಬೇಕು.

ಮರುದಿನ ಅವಳು ಅದನ್ನು ತಿದ್ದಿ ತಂದು ತೋರಿಸಿದಳು. ತಾಳಗುಂದದ ಸ್ತಂಭವನ್ನು ಕೇಳಿದಾಗ ಪರದೆಯ ಮೇಲೆ ‘ಶಾಸನದಲ್ಲಿ ವರ್ಷ ಹೇಳಿಲ್ಲ’ ಎಂಬ ಕನ್ನಡದ ಸಾಲು ಮೂಡಿತು. ಪುಸ್ತಕದಲ್ಲಿ ಆ ಸಾಲು ಇರಲಿಲ್ಲ. ಅವಳೇ ಯೋಚಿಸಿ ಬರೆದದ್ದು. ಕಂಠಪಾಠ ಅಲ್ಲಿಗೆ ಮುಗಿದಿತ್ತು.

ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದಿಷ್ಟೆ: ಯಂತ್ರದ ಮುಂದೆ ಕೂರುವ ಮೊದಲು ನಿಮ್ಮ ಊರಿನ ಯಾವುದಾದರೊಂದನ್ನು ಆರಿಸಿಕೊಳ್ಳಿ. ಹಾಲಿನ ಡೇರಿಯ ಖಾತೆಯಾಗಲಿ, ವಾಚನಾಲಯದ ಪುಸ್ತಕವಾಗಲಿ, ಕೆರೆಯಾಗಲಿ. ಅದರ ಗುಣಗಳೇನು, ಅದನ್ನು ಏನೇನು ಕೇಳಬಹುದು ಎಂಬುದನ್ನು ನಿಮ್ಮ ಮಾತಿನಲ್ಲಿಯೇ ಬರೆಯಿರಿ. ಇಂಗ್ಲಿಷಿನ ಪದಗಳನ್ನು ಆಮೇಲೆ ಕಲಿಯಬಹುದು, ಕಲಿಯಲೂ ಬೇಕು. ಇನ್ನು ನನ್ನ ಸಹೋದ್ಯೋಗಿಗಳಾದ ಅಧ್ಯಾಪಕರಿಗೆ ಒಂದು ಬಿನ್ನಹ. ಸಂಜೆ ಹೊತ್ತು ವಿದ್ಯಾರ್ಥಿಯೊಬ್ಬ ಬಂದು ಅರ್ಥವಾಗಲಿಲ್ಲವೆಂದರೆ, ನಿಮ್ಮ ಕ್ಷೇತ್ರವಲ್ಲದಿದ್ದರೂ ಅವನ ಪುಸ್ತಕವನ್ನು ಒಂದು ರಾತ್ರಿಯ ಮಟ್ಟಿಗೆ ಇಸಿದುಕೊಳ್ಳಿ.